ಥಟ್ ಅನ್ನದ ಮೂರು ಸೆಕೆಂಡು

ಮಳೆಗಾಲದಲ್ಲಿ ನಾನು ಹಳೆಯ ಕ್ಯಾಸೆಟ್ ಮುಟ್ಟುವುದು ಕೈ ಚೆನ್ನಾಗಿ ಒರೆಸಿಕೊಂಡ ಮೇಲೆಯೇ. ಮಲ್ಕಾಜ್‌ಗಿರಿಯ ನಮ್ಮ ಮನೆಯ ಗೋಡೆಗಳು ಜುಲೈ ಪೂರ್ತಿ ತೇವ ಹಿಡಿದಿರುತ್ತವೆ. ಆ ತೇವ ವಿಎಚ್‌ಎಸ್ ಟೇಪಿಗೆ ಇಳಿಯಿತೆಂದರೆ ಸುರುಳಿಯ ಅಂಚಿನಲ್ಲಿ ಸಕ್ಕರೆಪುಡಿ ಚೆಲ್ಲಿದ ಹಾಗೆ ಬಿಳಿ ಬೂಸ್ಟು ಕಾಣಿಸುತ್ತದೆ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ, ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ ಡ್ರಮ್ಮಿಗೆ ಬೂಸ್ಟು ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಟೇಪನ್ನೂ ಕೆಡಿಸುತ್ತದೆ. ಅದಕ್ಕೇ ನನ್ನ ಕ್ಯಾಸೆಟ್ಟುಗಳಿಗೆ ಅವ್ವನ ಹಪ್ಪಳದ ಸ್ಟೀಲ್ ಡಬ್ಬಿಯೇ ಮನೆ, ಜೊತೆಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು. ಅರ್ಧ ಗಂಟೆಯ ಆರು ಸಂಚಿಕೆ ಹಿಡಿಸುತ್ತದೆ.

ಕಳೆದ ಗುರುವಾರ ಬೆಳಗಿನಿಂದಲೂ ಮಳೆ. ಬೇರೆ ದಿನವಾದರೆ ಎಂಎಂಟಿಎಸ್ ಲೋಕಲ್ ರೈಲು ಹತ್ತಿ ಲಾಲಾಗುಡ ದಾಟಿದರೆ ಸಿಕಂದರಾಬಾದ್ ಬಂತು. ಅಂದು ರೈಲ್ವೆ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು ನಿಂತು, ಸ್ಟೇಷನ್ ಸೇರಲು ಊರೆಲ್ಲ ಸುತ್ತಿದೆ. ಕಚೇರಿಯಲ್ಲಿ ಸಂಜೆಯವರೆಗೆ ಜಿಎಸ್‌ಟಿ ಲೆಕ್ಕ ತಾಳೆ ನೋಡುವ ಕೆಲಸ. ಫೋನಿನಲ್ಲಿ ಕೇಳುವವರಿಗೆಲ್ಲ ಈಗಿಂದೀಗಲೇ ಉತ್ತರ ಬೇಕು. ‘ಒಂದು ನಿಮಿಷ ಯೋಚಿಸಿ ಹೇಳುತ್ತೇನೆ’ ಎಂದರೆ ನಮಗೆ ಕೆಲಸ ಬರುವುದಿಲ್ಲವೆಂದೇ ತಿಳಿಯುತ್ತಾರೆ. ಅಂಥ ದಿನದ ಸಂಜೆಗೆ ನನಗೆ ಹಳೆಯ ಕ್ವಿಜ್ ಬೇಕು.

ಏಕೆಂದರೆ ಅಲ್ಲಿ ಜನ ಯೋಚಿಸುವುದು ಕಾಣುತ್ತದೆ. ಇಪ್ಪತ್ತು ವರ್ಷದಿಂದ ಈ ಕಾರ್ಯಕ್ರಮಗಳನ್ನು ಕೂಡಿಹಾಕುತ್ತಾ ನಾನು ಕಂಡುಕೊಂಡ ರುಚಿ ಇದೊಂದೇ. ಪ್ರಶ್ನೆ ಮುಗಿದು ಉತ್ತರ ಹುಟ್ಟುವ ಮೊದಲಿನ ಆ ಮೂರು ನಾಲ್ಕು ಸೆಕೆಂಡು.

ನಮ್ಮಪ್ಪ ಹುಬ್ಬಳ್ಳಿಯವರು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು, ಕೇಂದ್ರ ಸಿಕಂದರಾಬಾದ್ ಆಯಿತು. ವರ್ಗವಾಗಿ ಬಂದ ನಮ್ಮಂಥ ಕುಟುಂಬಗಳು ಇಲ್ಲೇ ಉಳಿದವು. 2003ರಲ್ಲಿ ಹುಬ್ಬಳ್ಳಿಗೆ ತನ್ನದೇ ನೈಋತ್ಯ ರೈಲ್ವೆ ಬರುವ ಹೊತ್ತಿಗೆ ಅಪ್ಪ ನಿವೃತ್ತರಾಗಿದ್ದರು. ಕೇಬಲ್‌ನವನ ಬೆನ್ನು ಹತ್ತಿ ಚಂದನ ವಾಹಿನಿ ಹಾಕಿಸಿಕೊಂಡು, ಸಿಕ್ಕಷ್ಟು ‘ಥಟ್ ಅಂತ ಹೇಳಿ’ ರೆಕಾರ್ಡ್ ಮಾಡಿಟ್ಟರು. ಡಬ್ಬಿಯಲ್ಲಿರುವುದು ಅವೇ.

2002ರ ಜನವರಿಯಲ್ಲಿ ಬೆಂಗಳೂರು ದೂರದರ್ಶನದಲ್ಲಿ ಶುರುವಾದ ಆ ಕಾರ್ಯಕ್ರಮ ಮೂರು ಸಾವಿರ ಸಂಚಿಕೆ ದಾಟಿತು. ನಡೆಸಿಕೊಡುವ ಡಾ. ನಾ. ಸೋಮೇಶ್ವರ ಅವರು ವೃತ್ತಿಯಲ್ಲಿ ವೈದ್ಯರು. ರೋಗಿ ತನ್ನ ನೋವನ್ನು ತಾನೇ ಹೇಳಲಿ ಎಂದು ಕಾಯುವ ವೈದ್ಯರ ತಾಳ್ಮೆಯೇ ಅವರ ಪ್ರಶ್ನೆ ಕೇಳುವ ಬಗೆಯಲ್ಲೂ ಇದೆ ಎಂದು ನನಗೆ ಅನ್ನಿಸುತ್ತದೆ. ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಉತ್ತರ ತಪ್ಪಿದರೆ ಕೈತಪ್ಪುವುದು ಒಂದು ಪುಸ್ತಕ ಮಾತ್ರ. ಹಾಗಾಗಿ ಸ್ಪರ್ಧಿಯ ಮುಖದಲ್ಲಿ ಭಯ ಇಲ್ಲ, ಹುಡುಕಾಟ ಇದೆ. ಎಂದೋ ಓದಿದ ಪುಟವನ್ನು ತಲೆಯೊಳಗೆ ತಿರುವಿ ಹಾಕುತ್ತಿರುವುದು ಕಣ್ಣಿನಲ್ಲೇ ತಿಳಿಯುತ್ತದೆ. ಹೆಸರಿನಲ್ಲಿ ‘ಥಟ್’ ಇದೆ ನಿಜ, ನಾನು ಕಾಯುವುದು ಥಟ್ ಅನ್ನದ ಗಳಿಗೆಗೆ.

ಅವ್ವ ಗಿರಮಿಟ್ ಕಲಸಿ ತಂದಳು, ಹೊರಗಿನಿಂದ ನಾನು ತಂದ ಮಿರ್ಚಿ ಇನ್ನೂ ಬಿಸಿ ಇತ್ತು. ಈ ಟೇಪುಗಳನ್ನು ಅವಳು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಆದರೂ ನನ್ನ ಬಾಯಿ ಅಲ್ಲಾಡಿದರೆ ಸಾಕು, “ತಡಿಯೋ, ಹೇಳಬ್ಯಾಡ. ಆ ಹುಡುಗಿ ವಿಚಾರ ಮಾಡಾಕತ್ಯಾಳ” ಅನ್ನುತ್ತಾಳೆ.

ಈ ಮೌನವನ್ನು ಕೃತಕವಾಗಿ ಬೆಳೆಸಿ ಮಾರಿದವರೂ ಇದ್ದರು. ಅಮೆರಿಕದಲ್ಲಿ 1956ರಲ್ಲಿ ಎನ್‌ಬಿಸಿಯಲ್ಲಿ ಬಂದ ‘ಟ್ವೆಂಟಿ ಒನ್’ ಎಂಬ ಆಟದಲ್ಲಿ ಸ್ಪರ್ಧಿಗಳನ್ನು ಗಾಜಿನ ಗೂಡಿನೊಳಗೆ ನಿಲ್ಲಿಸುತ್ತಿದ್ದರು. ಹರ್ಬರ್ಟ್ ಸ್ಟೆಂಪೆಲ್ ಎಂಬ ವಿದ್ಯಾರ್ಥಿಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು, ಎಲ್ಲಿ ತಡವರಿಸಬೇಕು, ಹಣೆಯ ಬೆವರನ್ನು ಹೇಗೆ ಒತ್ತಿಕೊಳ್ಳಬೇಕು ಎಂಬುದನ್ನೂ ಕಲಿಸಿದ್ದರು. ಆಮೇಲೆ ಸೋಲು ಎಂದರು. 1955ರ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಬಂದದ್ದು ಯಾವುದಕ್ಕೆ ಎಂಬ ಪ್ರಶ್ನೆಗೆ ಅವನು ಬೇಕೆಂದೇ ತಪ್ಪು ಹೇಳಬೇಕಾಯಿತು. ಸರಿಯುತ್ತರ ‘ಮಾರ್ಟಿ’. ಅವನು ಮೂರು ಸಲ ನೋಡಿ ಮೆಚ್ಚಿದ್ದ ಸಿನಿಮಾ. ಅವನನ್ನು ಸೋಲಿಸಿದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೊರೆನ್ 1,29,000 ಡಾಲರ್ ಗೆದ್ದು, 1959ರ ನವೆಂಬರ್‌ನಲ್ಲಿ ಸಂಸತ್ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಮರುವರ್ಷ ಇಂಥ ಮೋಸ ಅಲ್ಲಿ ಕಾನೂನುಬಾಹಿರವಾಯಿತು. ಆ ಹಳೆಯ ಚಿತ್ರಸುರುಳಿ ಈಗಲೂ ನೋಡಲು ಸಿಗುತ್ತದೆ. ವ್ಯಾನ್ ಡೊರೆನ್ ತುಟಿ ಕಚ್ಚುವುದನ್ನು, ಕಣ್ಣು ಮೇಲೆತ್ತುವುದನ್ನು ಒಮ್ಮೆ ನೋಡಿ, ಆಮೇಲೆ ನಮ್ಮ ಚಂದನದ ಒಬ್ಬ ಶಾಲಾ ಮೇಷ್ಟ್ರು ಸುಮ್ಮನೆ ಕುಳಿತು ಯೋಚಿಸುವುದನ್ನು ನೋಡಿ. ನಿಜವಾಗಿ ಯೋಚಿಸುವವನಿಗೆ ತನ್ನ ಮುಖದ ನೆನಪೇ ಇರುವುದಿಲ್ಲ.

2000ದ ಜುಲೈ 3ರಂದು, ಅದೂ ಮಳೆಗಾಲದಲ್ಲೇ, ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಯಿತು. ಅದರ ಬಗ್ಗೆ ನನಗೆ ಗೌರವವಿದೆ. ಮೊದಲ ಸರಣಿಯಲ್ಲಿ ಗಡಿಯಾರವೇ ಇರಲಿಲ್ಲ. ಸ್ಪರ್ಧಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಿತ್ತು. ಕೆಳಗೆ ಎದೆಬಡಿತದಂಥ ಸಂಗೀತ. 1998ರಲ್ಲಿ ಬ್ರಿಟನ್ನಿನ ಮೂಲ ಆಟಕ್ಕೆ ಕೀತ್ ಸ್ಟ್ರಾಚನ್ ಮತ್ತು ಅವರ ಮಗ ಮ್ಯಾಥ್ಯೂ ಮಾಡಿಕೊಟ್ಟದ್ದು ಅದು. ಮೊತ್ತ ಏರಿದಂತೆ ಸಂಗೀತ ಅರ್ಧ ಅರ್ಧ ಸ್ವರ ಮೇಲಕ್ಕೇರುತ್ತದೆ, ನಮಗೆ ಗೊತ್ತಾಗದೆಯೇ ಉಸಿರು ಬಿಗಿಯುತ್ತದೆ. ಬಲು ಜಾಣ ಕೆಲಸ. ಆದರೆ ಅಲ್ಲಿ ಮೌನ ಆ ಸ್ಪರ್ಧಿಯ ಕೈ ಬಿಟ್ಟು ಸಂಗೀತದ ಪಾಲಾಗುತ್ತದೆ. ಮುಂದಿನ ಸರಣಿಗಳಿಗೆ ಗಡಿಯಾರ ಬಂದ ಮೇಲೆ ನನ್ನ ಆಸಕ್ತಿ ಇಳಿಯಿತು.

ಈ ಹುಚ್ಚಿಗೆ ಹೈದರಾಬಾದಿನ ನೆಲ ಚೆನ್ನಾಗಿಯೇ ಒಗ್ಗಿದೆ. 1972ರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಇಲ್ಲಿ ಕೆ-ಸರ್ಕಲ್ ಎಂಬ ಕ್ವಿಜ್ ಕೂಟ ಕಟ್ಟಿದರು. ಅವರೇ ಬೆಂಗಳೂರಿಗೆ ಹೋಗಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ಗೂ ಅಡಿಪಾಯ ಹಾಕಿದರು. ಕರ್ನಾಟಕಕ್ಕೂ ಈ ಊರಿಗೂ ನಂಟು ಅಪ್ಪನ ರೈಲಿನಿಂದ ಮಾತ್ರವೇ ಬಂದದ್ದಲ್ಲ ಎಂದು ನೆನೆದರೆ ನನಗೆ ಹಿಗ್ಗು.

ಗುರುವಾರದ ಟೇಪು ಒಂಬತ್ತೂವರೆಗೆ ಮುಗಿಯಬೇಕಿತ್ತು. ಕೊನೆಯ ಸಂಚಿಕೆಯಲ್ಲಿ ಆ ಹುಡುಗಿಗೆ ಉತ್ತರ ಹೊಳೆಯಿತು, ಪುಸ್ತಕ ಕೈಗೆ ಬಂತು, ಎದೆಗವಚಿಕೊಂಡು ಕುಳಿತಳು. “ಯಾವ ಪುಸ್ತಕೋ ಅದು?” ಅಂದಳು ಅವ್ವ. ಹಿಂದಕ್ಕೆ ಓಡಿಸಿ ನಿಲ್ಲಿಸಿದೆ. ವಿಎಚ್‌ಎಸ್‌ನಲ್ಲಿ ಅಷ್ಟು ಸಣ್ಣ ಅಕ್ಷರ ಮೂಡುವುದಿಲ್ಲ. ನೀಲಿ ರಕ್ಷಾಪುಟ, ಮೇಲೆ ಎರಡು ಮಸುಕು ಸಾಲು. ಅವ್ವ ಒಳಗೆ ಹೋಗಿ ಕನ್ನಡಕ ತಂದು, ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡಳು. “ಇನ್ನೊಮ್ಮೆ ಹಾಕು” ಅಂದಳು. ನಾನು ಬಾಯಿ ಬಿಡಲಿಲ್ಲ.