ಶಾಸನಗಳ ಗಣಕ ನಕ್ಷೆ: ಚುಕ್ಕಿಯನ್ನು ಎಷ್ಟು ನಂಬಬೇಕು?

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ತನ್ನ ಯೋಜನಾ ವರದಿಯನ್ನು ತೋರಿಸಲು ಹೊರಮಾವಿನ ನಮ್ಮ ಮನೆಗೆ ಬಂದಿದ್ದಳು. ಬೆಂಗಳೂರು ಸುತ್ತಲಿನ ಹಳೆಯ ಶಾಸನಗಳ ಪಟ್ಟಿ ಮಾಡಿ, ಊರಿನ ಹೆಸರುಗಳನ್ನು ಅಕ್ಷಾಂಶ, ರೇಖಾಂಶಗಳಾಗಿ ಬದಲಾಯಿಸುವ ತಂತ್ರಾಂಶವೊಂದಕ್ಕೆ ಉಣಿಸಿ, ಬಣ್ಣಬಣ್ಣದ ಚುಕ್ಕಿಗಳ ನಕ್ಷೆಯೊಂದನ್ನು ತಯಾರಿಸಿದ್ದಳು. ಕ್ರಿ.ಶ. ಸುಮಾರು 870ರ ಅಗರದ ಶಾಸನದ ಚುಕ್ಕಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊರಮಾವು ಅಗರದ ಕೆರೆಯ ಪಕ್ಕದಲ್ಲಿ ಕೂತಿತ್ತು. "ಸರ್, ನಿಮ್ಮ ಏರಿಯಾಗೆ ಸಾವಿರದ ನೂರೈವತ್ತು ವರ್ಷದ ಇತಿಹಾಸ ಇದೆ" ಎಂದು ಅವಳು ಸಂಭ್ರಮದಿಂದ ಹೇಳಿದಳು.

ಸಂಭ್ರಮ ನನಗೂ ಬೇಕಿತ್ತು. ಆದರೆ ಆ ಶಾಸನ ಇಲ್ಲಿಯದಲ್ಲ. ಅದು ನಗರದ ದಕ್ಷಿಣದ ಅಗರದ್ದು, ಅಂದರೆ ಕೋರಮಂಗಲ ದಾಟಿದ ಮೇಲೆ ಸಿಗುವ ಅಗರದ್ದು. ಎರಡೂ ಊರುಗಳ ನಡುವೆ ಸುಮಾರು 13 ಕಿಲೋಮೀಟರ್ ಅಂತರವಿದೆ. ತಮಾಷೆಯೆಂದರೆ, ಶಾಸನದ ವಿಷಯವನ್ನು ಓದಿ ತಾಳೆ ನೋಡಿದರೂ ತಪ್ಪು ಗೊತ್ತಾಗುವುದಿಲ್ಲ. ಗಂಗರ ಕಾಲದ ಆ ಶಾಸನ ಇರುಗಮಯ್ಯನ ಮಗ ಸಿರಿಮಯ್ಯ ಕೆರೆಗಳಿಗೆ ತೂಬು ಇಡಿಸಿ, ಹೊಸದಾಗಿ ಮತ್ತೊಂದು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೆರೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ! 'ಅಗರ' ಎಂಬುದು 'ಅಗ್ರಹಾರ'ದ ಸವೆದ ರೂಪವಾದ್ದರಿಂದ ಆ ಹೆಸರಿನ ಊರುಗಳು ನಾಡಿನಲ್ಲಿ ಹಲವಾರು. ತಂತ್ರಾಂಶ ಅವುಗಳಲ್ಲಿ ಒಂದನ್ನು ಆರಿಸಿಕೊಂಡಿತ್ತು. ಆರಿಸಿಕೊಂಡೆ ಎಂದು ಮಾತ್ರ ಹೇಳಿರಲಿಲ್ಲ. ಬದಲಿಗೆ ದಶಾಂಶ ಬಿಂದುವಿನ ನಂತರ ಆರು ಅಂಕಿಗಳನ್ನು ಗಂಭೀರವಾಗಿ ಬರೆದುಕೊಟ್ಟಿತ್ತು.

ಇತಿಹಾಸ ಸಂಶೋಧನೆಯಲ್ಲಿ ಗಣಕ ನಕ್ಷೆ ಮತ್ತು ಭಾಷಾ ತಂತ್ರಜ್ಞಾನಗಳ ಬಳಕೆ ಹೆಚ್ಚುತ್ತಿರುವುದು ಸಂತೋಷದ ವಿಷಯವೇ. ಆದರೆ ಭೌತವಿಜ್ಞಾನದ ಮೇಷ್ಟರಾಗಿ ನನ್ನದೊಂದು ಆಕ್ಷೇಪವಿದೆ. ಪ್ರಯೋಗಶಾಲೆಯಲ್ಲಿ ದೋಷದ ವ್ಯಾಪ್ತಿ ಬರೆಯದ ಅಳತೆಯನ್ನು ನಾವು ಒಪ್ಪುವುದಿಲ್ಲ. ನಕ್ಷೆಯ ಚುಕ್ಕಿಯನ್ನು ಮಾತ್ರ ಹಾಗೆಯೇ ಒಪ್ಪಿಬಿಡುತ್ತೇವೆ. ಇದು ಸರಿಯೇ?

ಆಗಿರುವ ಒಳ್ಳೆಯ ಕೆಲಸ

ಮೊದಲು ಶ್ಲಾಘಿಸಬೇಕಾದುದನ್ನು ಶ್ಲಾಘಿಸೋಣ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಕಲ್ಲು ಎಲ್ಲಿದೆ ಎಂಬುದನ್ನು ತಾಲ್ಲೂಕು, ಊರು, ದೇವಸ್ಥಾನ, ಹೊಲ, ಕೆರೆ ಏರಿ ಎಂಬ ಗುರುತುಗಳಿಂದ ಹೇಳಿದೆಯೇ ಹೊರತು ಅಕ್ಷಾಂಶ, ರೇಖಾಂಶಗಳಿಂದಲ್ಲ. ನಂತರದ ನೂರು ವರ್ಷಗಳಲ್ಲಿ ಹೊಲಗಳು ಬಡಾವಣೆಗಳಾದವು, ತಾಲ್ಲೂಕುಗಳು ಬದಲಾದವು. ಹೊರಮಾವು ಇಂದು ಸೇರಿರುವ ಬೆಂಗಳೂರು ಪೂರ್ವ ತಾಲ್ಲೂಕು ರೈಸರ ಪಟ್ಟಿಯಲ್ಲಿಯೇ ಇಲ್ಲ.

ಅಂಥ ಕಲ್ಲುಗಳನ್ನು ಬೀದಿ ಬೀದಿ ಸುತ್ತಿ ಹುಡುಕಿ, ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿತು. ಪಿ.ಎಲ್. ಉದಯಕುಮಾರ್ ಮತ್ತು ಸಂಗಡಿಗರ ಈ ಯೋಜನೆ, ನಾಗರಿಕರ ಉತ್ಸಾಹ ಮತ್ತು ಯಂತ್ರದ ನಿಖರತೆ ಒಟ್ಟಾದಾಗ ಏನಾಗಬಹುದು ಎಂಬುದಕ್ಕೆ ಉತ್ತಮ ಉದಾಹರಣೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನೇ ತೆಗೆದುಕೊಳ್ಳಿ. ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. ಸುಮಾರು 750ರ ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ, ಅದೂ ಚರಂಡಿ ಕೆಲಸದ ಸಮಯದಲ್ಲಿ. ಅಗೆಯುವ ನಗರದಲ್ಲಿ ಒಂದು ಕಲ್ಲು ಸಿಗುವುದಕ್ಕೂ ಪುಡಿಯಾಗುವುದಕ್ಕೂ ನಡುವೆ ಇರುವುದು, ಅದು ಕಲ್ಲಲ್ಲ ಶಾಸನ ಎಂದು ಗುರುತಿಸುವ ಒಂದು ಜೊತೆ ಕಣ್ಣು ಅಷ್ಟೆ.

ಮೂರು ಆಯಾಮದ ಸ್ಕ್ಯಾನಿನ ಲಾಭ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಸವೆದ ಕಲ್ಲಿನಲ್ಲಿ ಅಕ್ಷರದ ಆಳ 2 ಮಿಲಿಮೀಟರ್ ಇದೆಯೆನ್ನಿ. ನಡುಹಗಲಿನ ಬಿಸಿಲು ಕಲ್ಲಿನ ಮೇಲ್ಮೈಗೆ 80 ಡಿಗ್ರಿ ಕೋನದಲ್ಲಿ ಬಿದ್ದರೆ ಅಂಚಿನ ನೆರಳಿನ ಉದ್ದ 2/ಟ್ಯಾನ್ 80°, ಅಂದರೆ ಸುಮಾರು 0.35 ಮಿಲಿಮೀಟರ್. ಕಣ್ಣಿಗೆ ಕಾಣಿಸುವುದೇ ಕಷ್ಟ. ಅದೇ ಬೆಳಕು 10 ಡಿಗ್ರಿಯಲ್ಲಿ ಓರೆಯಾಗಿ ಬಂದರೆ ನೆರಳು ಸುಮಾರು 11 ಮಿಲಿಮೀಟರ್ ಉದ್ದವಾಗಿ, ಅಕ್ಷರ ಎದ್ದು ಕಾಣುತ್ತದೆ. ಗಣಕದಲ್ಲಿರುವ ಮಾದರಿಗೆ ಈ ಓರೆ ಬೆಳಕನ್ನು ಎಲ್ಲ ದಿಕ್ಕುಗಳಿಂದಲೂ ಹಾಯಿಸಿ ನೋಡಬಹುದು. ತರಗತಿಯಲ್ಲಿ ನಾಣ್ಯ ಮತ್ತು ಟಾರ್ಚ್ ಇಟ್ಟುಕೊಂಡು ನೀವೂ ಇದನ್ನು ತೋರಿಸಬಹುದು.

ಹೀಗಾಗಿ ನನ್ನ ಆಕ್ಷೇಪ ಈ ತಂಡದ ಶ್ರಮದ ಮೇಲಲ್ಲ. ಅಂಥವರು ಒದಗಿಸಿದ ಮಾಹಿತಿಯನ್ನು ನಾವು, ಅಂದರೆ ಅಧ್ಯಾಪಕರು, ವಿದ್ಯಾರ್ಥಿಗಳು, ಲೇಖಕರು, ಚುಕ್ಕಿಗಳಾಗಿ ನಕಲು ಮಾಡಿಕೊಳ್ಳುವ ರೀತಿಯ ಮೇಲೆ.

ಆರು ಅಂಕಿಗಳ ಮೋಸ

ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ದಶಾಂಶದ ನಾಲ್ಕನೆಯ ಅಂಕಿ ಸುಮಾರು 11 ಮೀಟರನ್ನೂ, ಆರನೆಯ ಅಂಕಿ ಸುಮಾರು 11 ಸೆಂಟಿಮೀಟರನ್ನೂ ಸೂಚಿಸುತ್ತದೆ. ನಮ್ಮ ಮೊಬೈಲಿನ ಜಿಪಿಎಸ್ ತೆರೆದ ಬಯಲಿನಲ್ಲಿಯೇ ಸಾಮಾನ್ಯವಾಗಿ ಐದು ಮೀಟರ್ ಆಸುಪಾಸಿನ ದೋಷವುಳ್ಳದ್ದು. ಹೊರಮಾವಿನಂಥ ಕಡೆ, ಕಿರಿದಾದ ರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟ್‌ಗಳೆದ್ದಿರುವಲ್ಲಿ, ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ದೋಷ ಇನ್ನೂ ಹೆಚ್ಚು. ನಾನು ಮನೆಯ ಮುಂದೆ ನಿಂತಿದ್ದರೂ ಮೊಬೈಲು ನನ್ನನ್ನು ಹಿಂದಿನ ಅಡ್ಡರಸ್ತೆಗೆ ಕಳಿಸುವುದುಂಟು. ಹೀಗಿರುವಾಗ ಐದನೆಯ ಅಂಕಿಯೇ ಅನುಮಾನ. ಆರನೆಯದು ಬರೀ ಅಲಂಕಾರ.

ಹಳೆಯ ನಕ್ಷೆಗಳನ್ನು ಹೊಸದರ ಮೇಲೆ ಹೊದಿಸುವಾಗ ಇನ್ನೊಂದು ತೊಡಕಿದೆ. ಭಾರತದ ಹಳೆಯ ಸರ್ವೇಕ್ಷಣಾ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ದೀರ್ಘವೃತ್ತಜವನ್ನು ಆಧರಿಸಿದ್ದರೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಆಧಾರವನ್ನು. ಪರಿವರ್ತನೆ ಮಾಡದೆ ಒಂದರ ಅಂಕಿಗಳನ್ನು ಇನ್ನೊಂದರ ಮೇಲಿಟ್ಟರೆ ನಮ್ಮ ಭಾಗದಲ್ಲಿ ಸ್ಥಾನ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಏರಿಯ ಮೇಲಿದ್ದ ಕಲ್ಲು ಕೆರೆಯೊಳಗೆ ಇಳಿಯಲು ಇಷ್ಟು ಸಾಕು.

ಇನ್ನೂರು ವರ್ಷಗಳ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ತನ್ನ ಸರ್ವೇಕ್ಷಣೆಗೆ ಬೇಕಾದ ಆಧಾರರೇಖೆಯನ್ನು ಬೆಂಗಳೂರಿನಲ್ಲಿ ಅಳೆದ. ಅದು ನಮ್ಮ ಪಕ್ಕದ ಬಾಣಸವಾಡಿಗೂ ಅಗರಕ್ಕೂ ನಡುವಿನ ಸುಮಾರು 7.4 ಮೈಲಿ, ಅಂದರೆ ಸುಮಾರು 12 ಕಿಲೋಮೀಟರ್ ಉದ್ದದ ರೇಖೆ. ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 10 ಡಿಗ್ರಿ ವ್ಯತ್ಯಾಸವಿದ್ದರೆ ಇಡೀ ರೇಖೆಯಲ್ಲಿ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ! ಆದ್ದರಿಂದಲೇ ಅವರು ಸರಪಳಿಯ ಜೊತೆಗೆ ಉಷ್ಣಮಾಪಕವನ್ನೂ ಇಟ್ಟುಕೊಂಡು ತಾಪವನ್ನು ಬರೆದಿಟ್ಟರು.

ಈ ರೇಖೆಯ 'ಅಗರ' ಯಾವುದು? ಬಾಣಸವಾಡಿಯಿಂದ ಹೊರಮಾವು ಅಗರ ಕೆಲವೇ ಕಿಲೋಮೀಟರ್. ದಂಡು ಪ್ರದೇಶದ ಅಗರಂ ಕೂಡ 12 ಕಿಲೋಮೀಟರಿನ ಅರ್ಧದಷ್ಟೇ. ಉದ್ದಕ್ಕೆ ಒಪ್ಪುವುದು ದಕ್ಷಿಣದ ಅಗರ ಮಾತ್ರ. ಹೆಸರು ದಾರಿ ತಪ್ಪಿಸಿದಾಗ, ಅಳತೆ ಬರೆದಿಟ್ಟಿದ್ದರೆ ಅದು ದಾರಿ ತೋರಿಸುತ್ತದೆ. ನಮ್ಮ ವಿದ್ಯಾರ್ಥಿನಿಯ ನಕ್ಷೆಯಲ್ಲಿ ಇಲ್ಲದಿದ್ದದ್ದು ಇದೇ.

ಕಲ್ಲು ಈಗ ಇರುವುದೆಲ್ಲಿ, ಆಗ ಇದ್ದದ್ದೆಲ್ಲಿ?

ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ, ಕಾಳಿ ಎಂಬ ಬೇಟೆನಾಯಿಯ ಸ್ಮರಣೆಯಿಂದ ಪ್ರಸಿದ್ಧವಾದದ್ದು. ಆ ಕಲ್ಲು ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಚುಕ್ಕಿಯನ್ನು ಎಲ್ಲಿ ಇಡುತ್ತೀರಿ? ಕಲ್ಲನ್ನು ನೋಡಲು ಹೋಗುವವರಿಗೆ ಕಸ್ತೂರಬಾ ರಸ್ತೆಯ ಚುಕ್ಕಿ ಬೇಕು. ಇತಿಹಾಸ ಬರೆಯುವವರಿಗೆ ಮದ್ದೂರಿನ ಚುಕ್ಕಿ ಬೇಕು. ಎರಡನ್ನೂ ಒಂದೇ ಅಂಕಣದಲ್ಲಿ ತುಂಬಿದರೆ ಮಂಡ್ಯ ಜಿಲ್ಲೆಯ ಘಟನೆ ಬೆಂಗಳೂರಿನ ಲೆಕ್ಕಕ್ಕೆ ಬೀಳುತ್ತದೆ.

ಇದೇ ರೀತಿ, ಚುಕ್ಕಿಗಳು ದಟ್ಟವಾಗಿರುವಲ್ಲಿ ಹಿಂದೆ ಜನವಸತಿ ದಟ್ಟವಾಗಿತ್ತು ಎಂಬ ತೀರ್ಮಾನವೂ ಅವಸರದ್ದು. ಕಲ್ಲು ಉಳಿದದ್ದೆಲ್ಲಿ, ಹುಡುಕಿದವರು ಹೋದದ್ದೆಲ್ಲಿ ಎಂಬುದನ್ನೂ ಆ ದಟ್ಟಣೆ ತೋರಿಸುತ್ತದೆ. ದೇವಸ್ಥಾನದ ಪ್ರಾಕಾರದ ಕಲ್ಲಿಗೆ ರಕ್ಷಣೆ ಸಿಕ್ಕಿತು. ಹೊಲದ ಬದುವಿನದು ಅಡಿಪಾಯಕ್ಕೆ ಹೋಯಿತು. ಖಾಲಿ ಜಾಗ ಎಂದರೆ ಶೂನ್ಯವೂ ಇರಬಹುದು, ಅಳತೆಯೇ ನಡೆದಿಲ್ಲವೆಂದೂ ಇರಬಹುದು. ಇವೆರಡರ ವ್ಯತ್ಯಾಸ ವಿಜ್ಞಾನದ ವಿದ್ಯಾರ್ಥಿಗೆ ಹೇಳಿಕೊಡಬೇಕಾದ ಮೊದಲ ಪಾಠಗಳಲ್ಲೊಂದು.

ಅಕ್ಷರಗಳಿಗೂ ದೋಷದ ವ್ಯಾಪ್ತಿ ಇದೆ

ಇನ್ನು ಭಾಷಾ ತಂತ್ರಜ್ಞಾನ. ಶಾಸನಗಳ ಪಠ್ಯವನ್ನು ಗಣಕಕ್ಕೆ ಏರಿಸಿ 'ಹೆಬ್ಬಾಳ' ಎಂದು ಹುಡುಕಿದರೆ ಕಿತ್ತಯ್ಯನ ಶಾಸನ ಸಿಗುವುದಿಲ್ಲ. ಅದರಲ್ಲಿರುವುದು ಪೆರ್ಬೊಳಲ್ ನಾಡು. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಳಗನ್ನಡದ ಪಕಾರ ಮುಂದೆ ಹಕಾರವಾದುದನ್ನು (ಪಾಲು - ಹಾಲು, ಪಳ್ಳಿ - ಹಳ್ಳಿ) ಹುಡುಕುವ ಯಂತ್ರಕ್ಕೆ ನಾವೇ ಕಲಿಸಬೇಕು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳು ತಮಿಳಿನಲ್ಲಿವೆ. ಅಲ್ಲಿ ಊರಿನ ಹೆಸರು ತೊಂಬಲೂರು. ಕನ್ನಡವೊಂದನ್ನೇ ಹುಡುಕುವ ತಂತ್ರಾಂಶ ಬೆಂಗಳೂರಿನ ಪೂರ್ವಭಾಗದ ಇತಿಹಾಸದ ಒಂದು ಭಾಗವನ್ನು ಕಾಣದೆಯೇ ಹೋಗುತ್ತದೆ.

ಅಕ್ಷರಗಳ ಮಟ್ಟದಲ್ಲಿಯೂ ಎಚ್ಚರ ಅಗತ್ಯ. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಯೂನಿಕೋಡ್‌ನಲ್ಲಿ ಸ್ಥಾನವಿದೆ. ಆದರೂ ಟೈಪು ಮಾಡುವ ಅನುಕೂಲಕ್ಕೆ ಅವನ್ನು ರ, ಳ ಮಾಡಿಬಿಡುವುದು ರೂಢಿ. ಕಾಲ ನಿರ್ಣಯಕ್ಕೆ ನೆರವಾಗುವ ಸುಳಿವು ಅಲ್ಲಿಗೆ ಅಳಿಸಿಹೋಯಿತು. ೞ ಅಕ್ಷರದ ಕಥೆಯಂತೂ ಸ್ವಾರಸ್ಯಕರ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ತಪ್ಪಾಗಿ 'ಕನ್ನಡ ಲೆಟರ್ ಎಫ್‌ಎ' ಎಂದು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪು ಎಂದು ಅಡಿಟಿಪ್ಪಣಿ ಸೇರಿಸಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಗಣಕದೊಳಗೆ ಹೊಕ್ಕ ತಪ್ಪು ಎಷ್ಟು ದೀರ್ಘಾಯುಷಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಶಾಸನ ಸಂಪಾದಕರು ಅಳಿಸಿಹೋದ, ಅನುಮಾನದ ಅಕ್ಷರಗಳನ್ನು ಆವರಣದಲ್ಲಿಟ್ಟು ಮುದ್ರಿಸುತ್ತಾರೆ. ಅದು ಅವರ 'ದೋಷ ವ್ಯಾಪ್ತಿ'. ಹುಡುಕಾಟಕ್ಕೆ ಅಡ್ಡಿಯೆಂದು ಆವರಣಗಳನ್ನು ತೆಗೆದುಹಾಕಿದ ಪಠ್ಯದಲ್ಲಿ ಕಲ್ಲು ಹೇಳಿದ್ದು ಯಾವುದು, ಸಂಪಾದಕರು ಊಹಿಸಿದ್ದು ಯಾವುದು ಎಂಬ ಗೆರೆ ಮಾಯವಾಗುತ್ತದೆ. ಅಂಥ ಪಠ್ಯದಿಂದ ತರಬೇತಿ ಪಡೆದ ಯಂತ್ರ, ಮುಕ್ಕಾದ ಪದವನ್ನು ಮುಂದೆ ತಾನೇ ತುಂಬುತ್ತದೆ. ತುಂಬಿದ ಪದ ವ್ಯಾಕರಣಬದ್ಧವಾಗಿಯೂ ಸಹಜವಾಗಿಯೂ ಇರುತ್ತದೆ. ಆದ್ದರಿಂದಲೇ ಅದು ಅಪಾಯಕಾರಿ. ಈ ದೃಷ್ಟಿಯಿಂದ, ಸ್ಕ್ಯಾನ್ ಮಾಡಿದ ಶಾಸನಗಳ ಅಕ್ಷರಗಳ ಚಿತ್ರಗಳನ್ನೇ ಒಟ್ಟುಗೂಡಿಸಿರುವ ಮಿಥಿಕ್ ಸೊಸೈಟಿಯ 'ಅಕ್ಷರ ಭಂಡಾರ' ತಂತ್ರಾಂಶ ಸರಿಯಾದ ಹಾದಿಯಲ್ಲಿದೆ. ಓದುವವರು ಯಂತ್ರದ ಮಾತಿಗೆ ತಲೆಯಾಡಿಸದೆ ಅಕ್ಷರವನ್ನು ಕಣ್ಣಿನಿಂದಲೇ ಹೋಲಿಸಿ ನೋಡಬಹುದು.

ಅಧ್ಯಾಪಕರಿಗೆ ಒಂದು ಸಲಹೆ

ಹಾಗಾದರೆ ವಿದ್ಯಾರ್ಥಿಗಳಿಂದ ಇಂಥ ನಕ್ಷೆ ಮಾಡಿಸಬಾರದೇ? ಖಂಡಿತ ಮಾಡಿಸಿ. ಆದರೆ ಪ್ರತಿ ಶಾಸನದ ಮುಂದೆ ಐದು ಅಂಕಣಗಳಿರಲಿ: ಕಲ್ಲಿನ ಮೂಲ ಸ್ಥಳ, ಇಂದಿನ ಸ್ಥಳ, ಸ್ಥಾನದ ದೋಷ ಮೀಟರುಗಳಲ್ಲಿ, ಕಾಲ ಮತ್ತು ಅದರ ಅನಿಶ್ಚಿತತೆ, ಈ ಮಾಹಿತಿ ಎಲ್ಲಿಂದ ಬಂತು, ಯಾರು ಯಾವಾಗ ನೋಡಿದರು ಎಂಬುದು. ಊರಿನ ಹೆಸರಷ್ಟೇ ಗೊತ್ತಿದ್ದರೆ ಚುಕ್ಕಿಯ ಬದಲು ಊರಿನಷ್ಟು ದೊಡ್ಡ ವೃತ್ತ ಬರೆಯಿಸಿ. ಎರಡು ಅಗರಗಳ ನಡುವೆ ಅನುಮಾನವಿದ್ದರೆ ಎರಡೂ ಕಡೆ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ. ನಕ್ಷೆ ಕಡಿಮೆ ಚೆನ್ನಾಗಿ ಕಂಡೀತು, ಹೆಚ್ಚು ಸತ್ಯವಾಗಿರುತ್ತದೆ.

ಇದರೊಂದಿಗೆ ಸರಳ ಪ್ರಯೋಗವೊಂದನ್ನೂ ಮಾಡಿಸಬಹುದು. ನಿಮ್ಮ ಊರಿನ ಒಂದು ವೀರಗಲ್ಲಿನ ಬಳಿ ಹತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಮೊಬೈಲಿನಲ್ಲಿ ಸ್ಥಾನ ದಾಖಲಿಸಲಿ. ಇನ್ನೊಂದು ದಿನ ಮತ್ತೆ ದಾಖಲಿಸಲಿ. ಸರಾಸರಿ ಮತ್ತು ಮಾನಕ ವಿಚಲನೆ ಲೆಕ್ಕ ಹಾಕಲಿ. ಸಂಖ್ಯಾಶಾಸ್ತ್ರವೂ ಕಲಿತಂತಾಯಿತು, ಕಲ್ಲನ್ನೂ ಕಂಡಂತಾಯಿತು. ಕಲ್ಲಿಗೆ ಸುಣ್ಣ ಬಳಿಯುವುದು, ಅದನ್ನು ಉಜ್ಜುವುದು ಬೇಡವೆಂದು ಮಾತ್ರ ಮೊದಲೇ ಹೇಳಿಡಿ.

ಇದು ಬರೀ ಲೆಕ್ಕದ ಮಡಿವಂತಿಕೆ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ನಾಳೆ ರಸ್ತೆ ಅಗಲಿಸುವಾಗಲೋ ಚರಂಡಿ ತೋಡುವಾಗಲೋ ಒಂದು ಕಲ್ಲನ್ನು ಉಳಿಸಿಕೊಳ್ಳಬೇಕಾದರೆ ಅದು ಎಲ್ಲಿದೆ ಎಂದು ಗೊತ್ತಿರಬೇಕು. ಚುಕ್ಕಿ 13 ಕಿಲೋಮೀಟರ್ ಆಚೆ ಇದ್ದರೆ ಕಾಪಾಡಲು ಬಂದವರು ಬೇರೆ ಊರಿನ ಕೆರೆ ಏರಿಯ ಮೇಲೆ ನಿಂತಿರುತ್ತಾರೆ.

ನಮ್ಮ ವಿದ್ಯಾರ್ಥಿನಿ ತನ್ನ ನಕ್ಷೆಯನ್ನು ತಿದ್ದಿದಳು. ಹೊರಮಾವಿನ ಚುಕ್ಕಿ ಹೋಯಿತು. ಆ ಜಾಗದಲ್ಲಿ ಅವಳು ಬರೆದದ್ದು: "ಇಲ್ಲಿ ಇನ್ನೂ ಹುಡುಕಿಲ್ಲ". ಇಡೀ ವರದಿಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ವಾಕ್ಯ ಅದು.