ಶರಣಾಗತನೂ ಪಂಜರವೂ

ಕನ್ನಡ ನಾಡಿನ ಶಾಸನಗಳು ಅರಸರಿಗೂ ಸಾಮಂತರಿಗೂ ಸಲ್ಲಿಸುವ ಬಿರುದುಗಳಲ್ಲಿ ‘ಶರಣಾಗತವಜ್ರಪಂಜರ’ ಎಂಬುದೊಂದುಂಟು. ಮರೆಹೊಕ್ಕವನ ಸುತ್ತಲೂ ಹಗೆಗೆ ಭೇದಿಸಲಾಗದ ಪಂಜರವಾಗಿ ನಿಲ್ಲುವವನೆಂದು ಅದರ ತಾತ್ಪರ್ಯ. ಈ ಬಿರುದಿನ ವಿಪರ್ಯಾಸವೆಂಬಂತೆ ಓದಬೇಕಾದ ಗ್ರಂಥವೊಂದು 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾಯಿತು. ಬೆಹ್ರೂಜ್ ಬೂಚಾನಿಯವರ ‘ನೋ ಫ್ರೆಂಡ್ ಬಟ್ ದಿ ಮೌಂಟನ್ಸ್’ ಎಂಬುದೇ ಅದು. ಬೆಟ್ಟಗಳ ಹೊರತು ತಮಗೆ ಮಿತ್ರರಿಲ್ಲವೆಂಬ ಕುರ್ದ್ ಜನರ ನಾಣ್ಣುಡಿಯಿಂದ ಅದಕ್ಕೆ ಹೆಸರು ಬಂದಿರುವುದು.

ಗ್ರಂಥಕರ್ತರು ಇರಾನಿನ ಕುರ್ದ್ ಪತ್ರಕರ್ತರು. 2013ರ ಫೆಬ್ರವರಿಯಲ್ಲಿ ಅವರ ಪತ್ರಿಕೆಯ ಕಚೇರಿಗೆ ದಾಳಿಯಿಟ್ಟು ಸಹೋದ್ಯೋಗಿಗಳನ್ನು ಸೆರೆಹಿಡಿದರು. ಅಂದು ಅಲ್ಲಿಲ್ಲದ ಕಾರಣ ಪಾರಾದ ಬೂಚಾನಿಯವರು ಕೆಲಕಾಲ ತಲೆಮರೆಸಿಕೊಂಡಿದ್ದು, ಇಂಡೊನೇಷ್ಯಾವನ್ನು ಸೇರಿ, ದೋಣಿಯೇರಿ ಆಸ್ಟ್ರೇಲಿಯಾದ ಕಡೆಗೆ ಹೊರಟರು. ದೋಣಿಯಲ್ಲಿ ಬಂದು ಆಶ್ರಯ ಬೇಡುವವರಿಗೆ ತನ್ನಲ್ಲಿ ನೆಲೆಯಿಲ್ಲವೆಂದು ಆ ದೇಶದ ಸರಕಾರವು ಸಾರಿದ್ದು ಜುಲೈ 19ರಂದು; ಇವರು ಕಡಲಿನಿಂದ ಪಾರಾದುದು ಅದಾದ ಕೆಲವೇ ದಿನಗಳ ತರುವಾಯ. ಪಾಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಅವರನ್ನು ಸಾಗಿಸಲಾಯಿತು. ಬರೆದುದಕ್ಕಾಗಿ ಸೆರೆಗಂಜಿ ಓಡಿದವರಿಗೆ ಅಪರಾಧವೂ ವಿಚಾರಣೆಯೂ ಇಲ್ಲದ ಸೆರೆ ಪ್ರಾಪ್ತವಾಯಿತು. ಈ ಬಂಧನವು ಆ ನಾಡಿನ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿತು.

ಮೊಬೈಲಿನಲ್ಲಿ ಪಾರಸಿ ಭಾಷೆಯಲ್ಲಿ ತುಣುಕುತುಣುಕಾಗಿ ಬರೆದು ವಾಟ್ಸ್‌ಆಪ್ ಮೂಲಕ ಹೊರಗೆ ಕಳುಹಿಸಿದ ಈ ಬರಹವನ್ನು ಓಮಿದ್ ತೊಫೀಘಿಯಾನರು ಇಂಗ್ಲಿಷಿಗೆ ತಂದರು. ಗದ್ಯವು ನಡೆಯುತ್ತಿರುವಂತೆಯೇ ಪದ್ಯದ ಸಾಲುಗಳಾಗಿ ಒಡೆಯುವುದನ್ನು ಕಂಡಾಗ ಕನ್ನಡಿಗನಿಗೆ ಚಂಪುವಿನ ನೆನಪಾಗುವುದು ಸಹಜ. ಸಾಮ್ಯವು ಬಹುಮಟ್ಟಿಗೆ ತೋರಿಕೆಯದು. ಚಂಪೂಕವಿಯು ವರ್ಣನೆಗೆಂದು ಛಂದಸ್ಸನ್ನೇರಿದರೆ, ಇಲ್ಲಿ ಮಾತು ಉಸಿರುಗಟ್ಟಿದೆಡೆಯಲ್ಲಿ ಸಾಲು ತುಂಡಾಗುವುದು. ಕಡಲಿನ ಅಧ್ಯಾಯಗಳಲ್ಲಿ ಈ ರೀತಿ ಪೂರ್ಣವಾಗಿ ಸಾರ್ಥಕವಾಗಿದೆ. ದ್ವೀಪದ ಅಧ್ಯಾಯಗಳಲ್ಲಿ ಮಾತ್ರ ಅದು ಕೆಲವೊಮ್ಮೆ ಅಭ್ಯಾಸಬಲದಿಂದ ಬಂದಂತೆ ತೋರುವುದು.

ಗ್ರಂಥದ ಸತ್ತ್ವವಿರುವುದು ಅದರ ಹೆಸರುಗಳಲ್ಲಿ. ಶಿಬಿರದ ಅಧಿಕಾರಿಗಳು ಬಂಧಿತರನ್ನು ಅಂಕೆಗಳಿಂದ ಕರೆದರು. ಬೂಚಾನಿಯವರು ಅಡ್ಡಹೆಸರುಗಳಿಂದ ಕರೆಯುವರು. ಊಟದ ಸಾಲಿನಲ್ಲಿ ಸದಾ ಮೊದಲಿಗನಾಗಿ ನಿಲ್ಲುವವನು ‘ಹಸು’. ಗಾಂಭೀರ್ಯದಿಂದ ನಡೆಯುವವನೊಬ್ಬನು ‘ಪ್ರಧಾನಮಂತ್ರಿ’. ಕೈಗೂಸಿನ ತಂದೆಯೊಬ್ಬನು, ಸಾಯುತ್ತಿರುವ ತನ್ನ ತಂದೆಯೊಡನೆ ಮಾತನಾಡಲು ದೂರವಾಣಿಯನ್ನು ಬೇಡಿ, ಸರದಿ ಬಂದಿಲ್ಲವೆಂಬ ಉತ್ತರವನ್ನು ಪಡೆಯುತ್ತಾನೆ. ಸರದಿ ಬರುವಷ್ಟರಲ್ಲಿ ತಂದೆ ಇಲ್ಲ. ಕಾವಲುಗಾರನು ಕ್ರೂರಿಯಾಗಬೇಕಾದುದೇ ಇಲ್ಲ, ನಿಯಮವನ್ನು ಪಾಲಿಸಿದರೆ ಸಾಕು, ಎಂಬ ಭಯಂಕರ ಸಂಗತಿಯನ್ನು ಈ ಪ್ರಸಂಗವು ವ್ಯಾಖ್ಯಾನವಿಲ್ಲದೆಯೇ ಕಾಣಿಸುವುದು.

ವ್ಯಾಖ್ಯಾನಕ್ಕಿಳಿದೆಡೆಯಲ್ಲಿಯೇ ಗ್ರಂಥವು ಸೊರಗುತ್ತದೆ. ಒಂದರೊಳಗೊಂದು ಹೆಣೆದ ದಬ್ಬಾಳಿಕೆಗಳ ವ್ಯೂಹಕ್ಕೆ ಅನುವಾದಕರು ‘ಕಿರಿಯಾರ್ಕಿ’ ಎಂಬ ಶಾಸ್ತ್ರೀಯ ಪದದಿಂದ ಸಂಕೇತವಿತ್ತಿದ್ದಾರೆ. ಪುಟಪುಟಕ್ಕೂ ಬರುವ ಆ ಪದವು, ಊಟದ ಸಾಲೊಂದು ತಾನಾಗಿ ನುಡಿದುದನ್ನು ಮತ್ತೆ ನುಡಿದು ಅದರ ಬಲವನ್ನು ಕುಂದಿಸುವುದು. ಗ್ರಂಥಕರ್ತರ ಕಷ್ಟವನ್ನು ನೆನೆದು ಇದನ್ನು ಹೇಳದೆ ಬಿಟ್ಟ ವಿಮರ್ಶಕರು, ಕೃತಿಗೆ ಬದಲಾಗಿ ಕರುಣೆಗೆ ಮಣೆ ಹಾಕಿದ್ದಾರೆ. ಕೃತಿಗೆ ಆ ದಾಕ್ಷಿಣ್ಯವು ಬೇಕಾಗಿಲ್ಲ.

2019ರ ಜನವರಿಯಲ್ಲಿ ಈ ಗ್ರಂಥಕ್ಕೆ ವಿಕ್ಟೋರಿಯಾ ಪ್ರಾಂತದ ಸಾಹಿತ್ಯಪ್ರಶಸ್ತಿಯೂ 1,00,000 ಡಾಲರುಗಳೂ ಸಂದವು. ಗ್ರಂಥವನ್ನು ಸನ್ಮಾನಿಸಿದ ನೆಲವನ್ನು ಗ್ರಂಥಕರ್ತರು ಮೆಟ್ಟುವಂತಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸಾಹಿತ್ಯೋತ್ಸವವೊಂದರ ಆಹ್ವಾನದಿಂದ ಅವರು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವನ್ನು ಸೇರಿದರು. 2020ರ ಜುಲೈಯಲ್ಲಿ ಆ ದೇಶವು ಅವರಿಗೆ ಆಶ್ರಯವಿತ್ತಿತು. ಗ್ರಂಥವೇ ವಜ್ರಪಂಜರವಾಯಿತೆನ್ನುವುದು ಚಮತ್ಕಾರದ ಮಾತಾದೀತು. ಬರೆಯಲಾರದ ನೂರಾರು ಮಂದಿ ಅದೇ ಊಟದ ಸಾಲಿನಲ್ಲಿ ನಿಂತಿದ್ದರು. ಬದುಕಿರುವವರಿಗೆ ತೊಂದರೆಯಾಗದಿರಲೆಂದು ಗ್ರಂಥಕರ್ತರು ಹಲವರ ಚಹರೆಗಳನ್ನು ಬೆರೆಸಿ ಪಾತ್ರಗಳನ್ನು ರೂಪಿಸಿರುವರು. ಅಡ್ಡಹೆಸರುಗಳು ಅವರಿಗೆ ಮರೆ. 2014ರ ಫೆಬ್ರವರಿಯ ಗಲಭೆಯಲ್ಲಿ ಶಿಬಿರದೊಳಗೇ ಕೊಲೆಯಾದ ರೆಜಾ ಬರಾತಿಗೆ ಮಾತ್ರ ಮರೆಯ ಅವಶ್ಯಕತೆಯಿರಲಿಲ್ಲ. ‘ಸೌಮ್ಯ ದೈತ್ಯ’ನೆಂದು ಓದುಗನು ಬಲ್ಲ ಅವನ ಸಾವಿನೊಡನೆ ಗ್ರಂಥವು ಮುಗಿಯುವುದು.