ಫುಲೇರಾ ಗ್ರಾಮದ ಹಾಸ್ಯ

ಹಾಸ್ಯಕ್ಕೆ ಕರುಣವು ವಿರೋಧಿಯೆಂದು ನಮ್ಮ ಆಲಂಕಾರಿಕರು ಎಣಿಸಿರುವರು. ಹುಡುಗರಿಗೆ ಬಹುಕಾಲ ಇದನ್ನು ಪಾಠ ಹೇಳಿದ ನಾನು, ‘ಪಂಚಾಯತ್’ ಎಂಬ ಹಿಂದೀ ಧಾರಾವಾಹಿಗೆ ಮನಸೋತ ಮೇಲೆ, ಆ ಮಾತನ್ನು ಪುನಃ ವಿಚಾರಮಾಡಬೇಕಾಗಿ ಬಂದಿತು. ಚಂದನ್ ಕುಮಾರ್ ಅವರು ಬರೆದು, ದೀಪಕ್ ಕುಮಾರ್ ಮಿಶ್ರ ಅವರು ನಿರ್ದೇಶಿಸಿದ ಇದರ ಮೊದಲನೆಯ ಭಾಗವು, ಎಂಟು ಸಂಚಿಕೆಗಳಾಗಿ, 2020ರ ಏಪ್ರಿಲ್ ತಿಂಗಳಲ್ಲಿ ಅಮೆಜಾನ್ ಪ್ರೈಮ್ ಮೂಲಕ ಹೊರಬಂದಿತು.

ಕಥೆಯೆಂದು ಹೇಳತಕ್ಕದ್ದು ಅತ್ಯಲ್ಪ. ಅಭಿಷೇಕ ತ್ರಿಪಾಠಿಯೆಂಬ ಇಂಜಿನಿಯರಿಂಗ್ ಪದವೀಧರನು, ಉತ್ತಮವಾದ ಬೇರೆ ಕೆಲಸ ದೊರೆಯದೆ, 20,000 ರೂಪಾಯಿ ಸಂಬಳಕ್ಕೆ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಕಲ್ಪಿತ ಗ್ರಾಮಕ್ಕೆ ಪಂಚಾಯತಿಯ ಕಾರ್ಯದರ್ಶಿಯಾಗಿ ಬರುವನು. ಬಂದ ದಿನವೇ ಕಚೇರಿಯ ಬೀಗದಕೈ ಕಳೆದುಹೋಗಿರುವುದು. ಮತ್ತೊಂದು ದಿನ, ಅವನು ಆಸೆಪಟ್ಟು ತಂದ ಚಕ್ರದ ಕುರ್ಚಿಯಲ್ಲಿ ಮದುವಣಿಗನೊಬ್ಬನು ಕುಳಿತು ಏಳಲೊಲ್ಲನು. ಇಷ್ಟೇ ವಸ್ತು. ಭರತಮುನಿಯು ಹಾಸ್ಯವನ್ನು ಸ್ಮಿತ, ಹಸಿತ ಮೊದಲಾಗಿ ಆರು ಬಗೆಯಾಗಿ ವಿಂಗಡಿಸಿ, ಅತಿಹಸಿತವನ್ನು ಅಧಮಪ್ರಕೃತಿಗಳಿಗೆ ಬಿಟ್ಟನು. ದೂರದರ್ಶನದ ಹಲವು ಹಾಸ್ಯಗಳು ಅತಿಹಸಿತದಿಂದಲೇ ಆರಂಭಿಸಿ, ನಾವು ನಗದಿದ್ದರೆ ತಾವೇ ನಗುವ ಧ್ವನಿಯನ್ನು ಸೇರಿಸಿಕೊಳ್ಳುವುವು. ಫುಲೇರಾದವರಾದರೋ ಬಹುಮಟ್ಟಿಗೆ ಸ್ಮಿತದಲ್ಲಿಯೇ ನಿಲ್ಲುವರು.

ಗ್ರಾಮದ ಪ್ರಧಾನಸ್ಥಾನವು ಸ್ತ್ರೀಯರಿಗೆ ಮೀಸಲು. ಗೆದ್ದವಳು ಮಂಜುದೇವಿ, ಆಳುವವನು ಅವಳ ಪತಿ ಬ್ರಿಜ್‌ಭೂಷಣ ದುಬೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ಸ್ಥಾನಗಳನ್ನು ಹೆಂಗಸರಿಗೆ ಕೊಟ್ಟಿತಷ್ಟೆ; ಗಂಡಂದಿರು ಕುರ್ಚಿ ಬಿಟ್ಟು ಎದ್ದರೇ ಎಂಬುದನ್ನು ನಮ್ಮ ವಾಚಕರಿಗೆ ನಾನು ತಿಳಿಸಬೇಕಾದುದಿಲ್ಲ. ಗಣರಾಜ್ಯದಿನದಂದು ಧ್ವಜವೇರಿಸಬೇಕಾಗಿ ಬಂದಾಗ, ರಾಷ್ಟ್ರಗೀತೆ ಬಾರದ ಮಂಜುದೇವಿಯು ಅದನ್ನು ಕಲಿಯಹೊರಡುವಳು. ನೀನಾ ಗುಪ್ತಾ ಅವರ ಅಭಿನಯದ ಮೇಲ್ಮೆ ಇಲ್ಲಿ ಕಾಣುವುದು. ನಮ್ಮ ನಗೆಯು ಕಲಿಯುವವಳ ಮೇಲೆ ಬೀಳದೆ, ಅವಳಿಗೆ ಇಷ್ಟುಕಾಲ ಕಲಿಸದೆ ಬಿಟ್ಟವರ ಮೇಲೆ ಬೀಳುವುದು.

ಇನ್ನು ವಿರೋಧದ ಮಾತು. 2022ರ ಎರಡನೆಯ ಭಾಗದ ಕೊನೆಯಲ್ಲಿ ಉಪಪ್ರಧಾನನಾದ ಪ್ರಹ್ಲಾದನ ಒಬ್ಬನೇ ಮಗನು, ಸೈನಿಕನಾಗಿದ್ದವನು, ಮಡಿಯುವನು. ಅಷ್ಟು ಸಂಚಿಕೆಗಳ ಕಾಲ ನಮ್ಮನ್ನು ನಗಿಸಿದವನೇ ಈ ತಂದೆ. ಫೈಸಲ್ ಮಲಿಕ್ ಅವರು ಆ ದುಃಖವನ್ನು ಹೆಚ್ಚು ಮಾತಿಲ್ಲದೆ ಹೊತ್ತುಕೊಳ್ಳುವರು. ರಸಭಂಗವಾಗಬೇಕಾಗಿತ್ತು, ಆಗಲಿಲ್ಲ. ವಿರುದ್ಧರಸಗಳ ನಡುವೆ ಮತ್ತೊಂದು ರಸವನ್ನು ಇರಿಸಿದರೆ ವಿರೋಧವು ಶಮನವಾಗುವುದೆಂದು ಆನಂದವರ್ಧನನು ಹೇಳಿ, ‘ನಾಗಾನಂದ’ದ ಶಾಂತಶೃಂಗಾರಗಳನ್ನು ಉದಾಹರಿಸಿರುವನು. ಇಲ್ಲಿ ನಡುವೆ ನಿಂತುದು ಸ್ನೇಹವೆಂದು ನನ್ನ ಮತ. ಸಾಯಂಕಾಲ ನಾಲ್ವರು ಕೂಡಿ ಕುಳಿತು ಆಡಿದ ಹುರುಳಿಲ್ಲದ ಮಾತುಗಳೇ ಈ ಶೋಕಕ್ಕೆ ನೆಲವನ್ನು ಹದಮಾಡಿದ್ದುವು. ಈ ಭಾಗಕ್ಕೆ 2023ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ವೆಬ್ ಧಾರಾವಾಹಿ ಪ್ರಶಸ್ತಿಯು ಸಂದುದು ಯುಕ್ತವೇ.

ಮುಂದಿನ ಭಾಗಗಳನ್ನು ಹೀಗೆ ಹೊಗಳಲಾರೆನು. ಶಾಸಕನ ಹಗೆ, ಪಕ್ಷಗಳ ಜಗಳ ಇವು ಮುಂದೆ ಬಂದು, ಬೀಗದಕೈಯಂತಹ ಚಿಕ್ಕ ಸಂಗತಿಗಳಿಗೆ ಎಡೆಯಿಲ್ಲದಾಯಿತು. ಮೊದಲು ಪ್ರಧಾನಪತಿಯು ಅಭಿಷೇಕನಿಗೆ ವಿಶ್ವಾಸದಿಂದ ಕೊಡುತ್ತಿದ್ದ ಸೋರೆಕಾಯಿಯು 2025ರ ನಾಲ್ಕನೆಯ ಭಾಗದಲ್ಲಿ ಚುನಾವಣೆಯ ಚಿಹ್ನೆಯಾಗಿ, ಪ್ರೆಷರ್ ಕುಕ್ಕರಿನ ಎದುರು ಕಾದಾಡುವುದು. ಅದನ್ನು ನೋಡಿ ಮುಗಿಸಿ, ಮೊದಲನೆಯ ಭಾಗವನ್ನು ಮೂರನೆಯ ಸಲ ನೋಡಲು ತೊಡಗಿರುವೆನು.